ಲಕ್ಷ ಕಿಲೋಮೀಟರ್ ದಾಟಿದ ಹೈಬ್ರಿಡ್ ಕಾರು: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ

"ಹೈಬ್ರಿಡ್ ಬ್ಯಾಟರಿ ಹೋಗಿದೆ ಅಂತಿದ್ದಾರೆ, ಹಾಕಿಸಿಬಿಡಲಾ?" ಮೈಸೂರು, ಮಂಡ್ಯ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮ್ರಿ ಹೈಬ್ರಿಡ್ ಕೊಂಡವರಿದ್ದಾರೆ, ಅಲ್ಲೊಬ್ಬರು ಇಲ್ಲೊಬ್ಬರು ಪ್ರಿಯಸ್ ಇಟ್ಟುಕೊಂಡವರಿದ್ದಾರೆ. 2022ರ ನಂತರ ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೈಕ್ರಾಸ್ ತೆಗೆದುಕೊಂಡು ದಿನಾ ಬೆಂಗಳೂರಿಗೆ ಓಡಾಡುವವರ ಗಾಡಿಗಳೂ ಈಗ ಲಕ್ಷ ದಾಟುತ್ತಿವೆ.

ಬಹಳ ಜನ ಎಡವುವುದು ಒಂದೇ ಕಡೆ. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟಾರೂ ಇರುವ ಗಾಡಿ. ಕೊನೆಗೆ ನೋಡಬೇಕಾದ, ಆ ಮೋಟಾರ್ ಓಡಿಸುವ ದೊಡ್ಡ ಬ್ಯಾಟರಿಯನ್ನು ಮೊದಲು ನೋಡುತ್ತಾರೆ. 12 ವೋಲ್ಟ್‌ನ ಚಿಕ್ಕ ಬ್ಯಾಟರಿ, ಫ್ಯಾನ್, ಕೂಲೆಂಟ್ (ತಣ್ಣಗಿಡುವ ದ್ರವ) ಇವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ.

ಶುರು ಮಾಡುವ ಮೊದಲು

ಕಿತ್ತಳೆ ಬಣ್ಣದ ವೈರು ಕಂಡರೆ ಕೈ ಹಿಂದಕ್ಕೆ. ಅದರಲ್ಲಿ ಹರಿಯುವುದು ಪ್ರಾಣ ತೆಗೆಯುವಷ್ಟು ವೋಲ್ಟೇಜ್. ಹಳೆ ಕ್ಯಾಮ್ರಿ ಹೈಬ್ರಿಡ್‌ನ ಬ್ಯಾಟರಿಯೇ ಸುಮಾರು 245 ವೋಲ್ಟ್, ಮೂರನೇ ತಲೆಮಾರಿನ ಪ್ರಿಯಸ್‌ನದು ಸುಮಾರು 200. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸಿಕೊಡುವ ಇನ್ವರ್ಟರ್ ಅದನ್ನು ಇನ್ನೂ ಏರಿಸುತ್ತದೆ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದ ಮೇಲೂ, ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿಯಾಗಲು ಹತ್ತು ನಿಮಿಷ ಕಾಯಬೇಕು. 1000 ವೋಲ್ಟ್‌ಗೆ ತಡೆಯುವ ರಬ್ಬರ್ ಗ್ಲೌಸ್ ಹಾಕಿಯೇ ಕೆಲಸ ಮಾಡಬೇಕು. ಇದು ತರಬೇತಿ ಪಡೆದ ಮೆಕ್ಯಾನಿಕ್ ಕೆಲಸ. ಯೂಟ್ಯೂಬ್ ನೋಡಿ ಮನೆ ಮುಂದೆ ಬ್ಯಾಟರಿ ಬಿಚ್ಚುವ ಉಸಾಬರಿ ಬೇಡ.

ನಿಮ್ಮ ಕೈಗೆ ಬೇಕಾದ ಸಾಮಾನು ಇಷ್ಟೇ: ಡಿಜಿಟಲ್ ಮಲ್ಟಿಮೀಟರ್, ಟಾರ್ಚ್, ವ್ಯಾಕ್ಯೂಮ್ ಕ್ಲೀನರ್, ಮೆತ್ತನೆ ಬ್ರಷ್, ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ), ಮೊಬೈಲಿನಲ್ಲಿ ಹೈಬ್ರಿಡ್ ಓದಬಲ್ಲ ಒಂದು ಆ್ಯಪ್. ಟೊಯೋಟಾ ಗಾಡಿಗಳಿಗೆ ಡಾಕ್ಟರ್ ಪ್ರಿಯಸ್ ಚೆನ್ನಾಗಿ ಹೊಂದುತ್ತದೆ. ಜೊತೆಗೆ ಒಂದು ನೋಟ್‌ಬುಕ್. ನೋಡಿದ ಅಂಕಿಗಳನ್ನೆಲ್ಲ ಕಿಲೋಮೀಟರ್ ಸಮೇತ ಬರೆದಿಡಿ. ಒಂದು ಸಲದ ಅಂಕಿಯಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಆರು ತಿಂಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ರೋಗ ಕಾಣುತ್ತದೆ.

ಹಂತ 1: ಮೊದಲು 12 ವೋಲ್ಟ್ ಬ್ಯಾಟರಿ

ಎಲ್ಲಾ ದೀಪ ಒಟ್ಟಿಗೆ ಹತ್ತಿಕೊಂಡಿವೆ. ಬ್ರೇಕ್ ದೀಪ, ಹೈಬ್ರಿಡ್ ಸಿಸ್ಟಂ ದೀಪ, ಸ್ಟೀರಿಂಗ್ ದೀಪ ಎಲ್ಲವೂ. ಗಾಡಿ ಹೊರಡಲು ಸಿದ್ಧ ಅಂತ ತೋರಿಸುವ ರೆಡಿ ದೀಪ ಮಾತ್ರ ಬರುತ್ತಿಲ್ಲ. ಒಳಗೆ ಎಲ್ಲೋ ಟಕ್ ಟಕ್ ಅಂತ ರಿಲೇ ಸದ್ದು. ಇಂಥ ಹೊತ್ತಲ್ಲಿ ಬಹುತೇಕ ತಪ್ಪು ಚಿಕ್ಕ ಬ್ಯಾಟರಿಯದ್ದೇ. ಹೈಬ್ರಿಡ್‌ನಲ್ಲಿ ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿ, ನಿಜ. ಆದರೆ ಕಂಪ್ಯೂಟರ್‌ಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯ ರಿಲೇ ಕೂಡಿಸುವುದು 12 ವೋಲ್ಟ್ ಬ್ಯಾಟರಿ. ಅದು ಸೊರಗಿದರೆ ದೊಡ್ಡದು ಎಷ್ಟು ಗಟ್ಟಿಯಿದ್ದರೂ ಗಾಡಿ ಏಳುವುದಿಲ್ಲ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಅಳೆಯಿರಿ. ಬಾಗಿಲು ತೆಗೆದ ಕೂಡಲೇ ಕಂಪ್ಯೂಟರ್‌ಗಳು ಎಚ್ಚರವಾಗಿ ವೋಲ್ಟೇಜ್ ಇಳಿಯುತ್ತದೆ. ಹಾಗಾಗಿ ಬಾನೆಟ್ ಅಥವಾ ಡಿಕ್ಕಿ ತೆರೆದು ಸ್ವಲ್ಪ ಹೊತ್ತು ಬಿಟ್ಟು ಅಳೆಯುವುದು ಒಳ್ಳೆಯದು. 12.6 ಇದ್ದರೆ ಚೆನ್ನಾಗಿದೆ. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ ಮಾರನೇ ದಿನ ಮತ್ತೆ ನೋಡಿ. ಮತ್ತೆ ಇಳಿದಿದ್ದರೆ ಬದಲಾಯಿಸಿ. ಆಮೇಲೆ ಗಾಡಿ ರೆಡಿ ಮಾಡಿ ಅಳೆಯಿರಿ. 13.5ರಿಂದ 14.5ರ ಒಳಗೆ ತೋರಿಸಬೇಕು. ತೋರಿಸದಿದ್ದರೆ ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಕರೆಂಟ್ ಇಳಿಸಿಕೊಡುವ ಕನ್ವರ್ಟರ್ ಕಡೆ ಗಮನ ಕೊಡಬೇಕು.

ಇಲ್ಲಿ ಆಗುವ ತಪ್ಪುಗಳು ಕೆಲವಿವೆ. ಕ್ಯಾಮ್ರಿ, ಪ್ರಿಯಸ್‌ಗಳಲ್ಲಿ ಈ ಬ್ಯಾಟರಿ ಡಿಕ್ಕಿಯಲ್ಲಿದೆ, ಅಂದರೆ ನೀವು ಉಸಿರಾಡುವ ಜಾಗದಲ್ಲೇ. ಅದಕ್ಕೆ ಒಳಗಿನ ಅನಿಲವನ್ನು ಹೊರಬಿಡುವ ಕೊಳವೆ ಇರುವ, ಆಸಿಡ್ ಚೆಲ್ಲದ ಎಜಿಎಂ ಬ್ಯಾಟರಿಯೇ ಬೇಕು. ಕಡಿಮೆ ಬೆಲೆ ಅಂತ ಮಾಮೂಲಿ ಆಸಿಡ್ ಬ್ಯಾಟರಿ ಕೂರಿಸಿ ಕೊಳವೆಯನ್ನು ಹಾಗೇ ಬಿಟ್ಟುಬಿಡುವ ಅಂಗಡಿಗಳಿವೆ. ಕೂರಿಸಿದ ಮೇಲೆ ಕೊಳವೆ ಸಿಕ್ಕಿಸಿದ್ದಾರಾ ಅಂತ ನೀವೇ ನೋಡಿ. ಇನ್ನೊಂದು, ಬ್ಯಾಟರಿ ಬಿಚ್ಚಿಟ್ಟು ಡಿಕ್ಕಿ ಮುಚ್ಚಬೇಡಿ. ಕರೆಂಟ್ ಲಾಕ್ ಇರುವ ಡಿಕ್ಕಿ ಮತ್ತೆ ತೆಗೆಯಲು ಸೀಟು ಮಡಚಿ ಒಳಗಿಂದ ನುಗ್ಗಬೇಕಾಗುತ್ತದೆ.

ಬೇರೆ ಗಾಡಿಯ ಬ್ಯಾಟರಿಯಿಂದ ವೈರು ಹಾಕಿ ಜಂಪ್ ಕೊಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ ದುಬಾರಿ ಭಾಗಗಳು ಒಂದೇ ಕ್ಷಣದಲ್ಲಿ ಸುಡುತ್ತವೆ. ಪಕ್ಕದವರ ಡೀಸೆಲ್ ಗಾಡಿಗೆ ನಿಮ್ಮ ಹೈಬ್ರಿಡ್‌ನಿಂದ ಜಂಪ್ ಕೊಡಲೂಬೇಡಿ. ದಾಕ್ಷಿಣ್ಯಕ್ಕೆ ಒಪ್ಪಿಕೊಂಡರೆ ಬಿಲ್ ನಿಮ್ಮ ಮನೆಗೇ ಬರುತ್ತದೆ.

ಹಂತ 2: ಗಾಳಿಕಿಂಡಿ ಮತ್ತು ಫ್ಯಾನ್

ನಮ್ಮ ಕಡೆ ಹೈಬ್ರಿಡ್ ಬ್ಯಾಟರಿಯ ಆಯಸ್ಸು ತಿನ್ನುವುದು ಬಿಸಿ, ಬಿಸಿಗೆ ದಾರಿ ಮಾಡಿಕೊಡುವುದು ಧೂಳು. ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಬ್ಯಾಟರಿಯನ್ನು ತಣ್ಣಗಿಡುವುದು ಕಾರಿನ ಒಳಗಿನ ಗಾಳಿಯೇ. ಒಂದು ಪುಟ್ಟ ಫ್ಯಾನ್ ಅದನ್ನು ಎಳೆದುಕೊಳ್ಳುತ್ತದೆ. ಎಳೆಯುವ ಕಿಂಡಿ ಗಾಡಿಯಿಂದ ಗಾಡಿಗೆ ಬೇರೆ. ಹಿಂದಿನ ಸೀಟಿನ ಪಕ್ಕ, ಸೀಟಿನ ಹಿಂಭಾಗ, ಕೆಲವದರಲ್ಲಿ ಸೀಟಿನ ಕೆಳಗೆ. ಓನರ್ಸ್ ಮ್ಯಾನುಯಲ್‌ನಲ್ಲಿ ಚಿತ್ರ ಇರುತ್ತದೆ, ಮೊದಲು ಅದನ್ನು ಹುಡುಕಿಕೊಳ್ಳಿ.

ಕಿಂಡಿ ಸಿಕ್ಕ ಮೇಲೆ ಅದರ ಮೇಲೆ ಏನು ಬಿದ್ದಿದೆ ನೋಡಿ. ಹೊಸ ಗಾಡಿಗೆ ಸೀಟ್ ಕವರ್ ಹೊಲಿಸುವಾಗ ಕಿಂಡಿಯನ್ನೂ ಸೇರಿಸಿ ಹೊಲಿದಿರುತ್ತಾರೆ. ದಪ್ಪನೆಯ 7ಡಿ ಮ್ಯಾಟ್ ಹಾಕಿಸಿದರೆ ಸೀಟಿನ ಕೆಳಗಿನ ಕಿಂಡಿ ಪೂರ್ತಿ ಮುಚ್ಚಿಹೋಗುತ್ತದೆ. ಮದುವೆ ಮನೆಗೆ ಹೊರಟಾಗ ಬ್ಯಾಗು, ದಿಂಬು, ಹೂವಿನ ಬುಟ್ಟಿ ಎಲ್ಲ ಅದರ ಮೇಲೇ. ಇವೆಲ್ಲ ಬ್ಯಾಟರಿಯ ಮೂಗು ಮುಚ್ಚಿದ ಹಾಗೆ. ಕವರ್ ಹೊಲಿದಿದ್ದರೆ ಕಿಂಡಿಯ ಅಳತೆಗೆ ಕತ್ತರಿಸಿಸಿ. ಚಂದ ಕೆಡುತ್ತದೆ, ಕೆಡಲಿ.

ಸ್ವಚ್ಛ ಮಾಡುವ ಕ್ರಮ ಹೀಗೆ. ಗಾಡಿ ಆಫ್ ಮಾಡಿ, ಕೀ ದೂರ ಇಡಿ. ಕಿಂಡಿಯ ಜಾಲರಿಯ ಧೂಳನ್ನು ವ್ಯಾಕ್ಯೂಮ್‌ನಿಂದ ಹೊರಗಿನಿಂದಲೇ ಎಳೆಯಿರಿ. ಜಾಲರಿಯ ಹಿಂದೆ ಫಿಲ್ಟರ್ ಇರುವ ಮಾಡೆಲ್ ಆದರೆ ಅದನ್ನು ತೆಗೆದು ಬ್ರಷ್‌ನಿಂದ ಉಜ್ಜಿ, ವ್ಯಾಕ್ಯೂಮ್ ಮಾಡಿ, ಮತ್ತೆ ಕೂರಿಸಿ. ನೀರಿನ ಸರ್ವಿಸ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಒಳಗಡೆಗೆ ಊದಲೇಬಾರದು. ಊದಿದರೆ ಜಾಲರಿಯ ಧೂಳೆಲ್ಲ ಬ್ಯಾಟರಿಯ ಸಂದುಗಳಿಗೆ ಹೋಗಿ ಕೂರುತ್ತದೆ.

ಮೈಸೂರು ನಗರದೊಳಗೇ ಓಡುವ ಗಾಡಿಗೆ ಪ್ರತಿ ಸರ್ವಿಸ್‌ಗೆ ಒಮ್ಮೆ, ಅಂದರೆ 10,000 ಕಿ.ಮೀ.ಗೆ ಒಮ್ಮೆ ಮಾಡಿದರೆ ಸಾಕು. ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆ ಕಬ್ಬಿನ ಗದ್ದೆ ದಾರಿಯಲ್ಲಿ ಓಡಾಡುವವರು ಅದರ ಅರ್ಧಕ್ಕೇ ಮಾಡಿ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಕಿಟಕಿ ತೆಗೆದುಕೊಂಡು ಹೋದರೆ ಒಳಗೆ ಎಷ್ಟು ಧೂಳು ಬರುತ್ತದೆ ಅಂತ ಡ್ಯಾಶ್‌ಬೋರ್ಡ್ ಒರೆಸಿದವರಿಗೆ ಗೊತ್ತು. ಮನೆಯಲ್ಲಿ ನಾಯಿ ಇದ್ದು ಅದೂ ಹಿಂದಿನ ಸೀಟಿನಲ್ಲಿ ಬರುವುದಾದರೆ ಫ್ಯಾನಿಗೆ ಕೂದಲು ಸುತ್ತಿಕೊಂಡಿರುತ್ತದೆ. ಫ್ಯಾನ್ ಬಿಚ್ಚಿ ತೊಳೆಯುವುದು ಬ್ಯಾಟರಿಯ ಪಕ್ಕದ ಕೆಲಸ. ಅದನ್ನು ಒಂದೂವರೆ ಲಕ್ಷದ ಹತ್ತಿರ ಒಮ್ಮೆ ಮೆಕ್ಯಾನಿಕ್ ಕೈಲಿ ಮಾಡಿಸಿ.

ಎಚ್ಚರಿಕೆ ಲಕ್ಷಣ: ಮಧ್ಯಾಹ್ನ ಹಿಂದಿನ ಸೀಟಿನ ಕಡೆಯಿಂದ ಗುಂಯ್ ಅನ್ನುವ ಸದ್ದು ಬಿಡದೆ ಬರುವುದು. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಸ್ವಲ್ಪ ಹೊತ್ತು ಬಂದರೆ ಸಹಜ. ಎಸಿ ಹಾಕಿ ಅರ್ಧ ಗಂಟೆ ಕಳೆದರೂ ನಿಲ್ಲದಿದ್ದರೆ ಫ್ಯಾನ್ ನೋಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಪೆಟ್ರೋಲ್ ಉಳಿಸಲು ಎಸಿ ಆಫ್ ಮಾಡಿ ಓಡಿಸುವವರಿಗೆ ಒಂದು ಮಾತು. ಆ ಎಸಿ ನಿಮಗೆ ಮಾತ್ರ ಅಲ್ಲ, ಬ್ಯಾಟರಿಗೂ ಬೇಕು.

ಆಯುಧಪೂಜೆಗೆ ಗಾಡಿ ತೊಳೆಯುವಾಗ ಒಳಗೆ ಬಕೆಟ್ ನೀರು ಸುರಿಯಬೇಡಿ. ಬಾನೆಟ್ ಒಳಗೆ ಪ್ರೆಷರ್ ನೀರೂ ಬೇಡ. ಕುಂಬಳಕಾಯಿ ಹೊರಗೆ ಒಡೆಯಿರಿ, ಒಳಗೆ ಒದ್ದೆ ಬಟ್ಟೆ ಸಾಕು.

ಹಂತ 3: ಸ್ಕ್ಯಾನರ್ ಹಾಕಿ ಅಂಕಿ ಬರೆದುಕೊಳ್ಳಿ

ಹಿಂದಿನ ಎರಡು ಹಂತ ಮುಗಿದ ಮೇಲೆಯೇ ಇದು. ಸೊರಗಿದ 12 ವೋಲ್ಟ್ ಬ್ಯಾಟರಿ ಇಟ್ಟುಕೊಂಡು ಸ್ಕ್ಯಾನ್ ಮಾಡಿದರೆ ಸುಳ್ಳು ಕೋಡ್‌ಗಳ ಸಂತೆಯೇ ಕಾಣುತ್ತದೆ.

ಮೊದಲು ಕೋಡ್‌ಗಳನ್ನು (ತೊಂದರೆ ಏನೆಂದು ಕಾರಿನ ಕಂಪ್ಯೂಟರ್ ಬರೆದಿಡುವ ಗುರುತುಗಳು) ಓದಿ, ಫೋಟೋ ತೆಗೆದಿಟ್ಟುಕೊಳ್ಳಿ. ಫೋಟೋ ತೆಗೆಯದೆ ಅಳಿಸಬೇಡಿ. ಪಿ0ಎ80 ಅಂದರೆ ಬ್ಯಾಟರಿ ಪ್ಯಾಕ್ ಬದಲಾಯಿಸಿ ಅನ್ನುವ ಕೋಡ್. ಪಿ0ಎ93 ಅಂದರೆ ಇನ್ವರ್ಟರ್ ಕೂಲಿಂಗ್ ತೊಂದರೆ, ಬ್ಯಾಟರಿಗೆ ಸಂಬಂಧವಿಲ್ಲ. ಪಿ0ಎಎ6 ಅಂದರೆ ಹೈ ವೋಲ್ಟೇಜ್ ಎಲ್ಲೋ ಕಾರಿನ ಲೋಹದ ಮೈಗೆ ಸೋರುತ್ತಿದೆ. ಇದು ಬಂದರೆ ಗಾಡಿ ಓಡಿಸುವುದು ನಿಲ್ಲಿಸಿ. ಪಿ3000 ಒಂದೇ ಬಂದರೆ ಅದರಿಂದ ಏನೂ ತೀರ್ಮಾನಿಸಲಾಗದು, ಅದರ ಜೊತೆ ಇರುವ ಉಪ ಕೋಡ್ ನೋಡಬೇಕು.

ಆಮೇಲೆ ಗಾಡಿ ಓಡಿಸುತ್ತಾ ನೋಡುವುದು. ಮೊಬೈಲ್ ಪಕ್ಕದಲ್ಲಿ ಕೂತವರ ಕೈಲಿರಲಿ. ರಿಂಗ್ ರೋಡಿನಲ್ಲಿ ಸ್ವಲ್ಪ ಸಮತಟ್ಟಾಗಿ ಓಡಿಸಿ, ನಂತರ ಚಾಮುಂಡಿ ಬೆಟ್ಟ ಹತ್ತಿ ಇಳಿಯಿರಿ. ಬ್ಯಾಟರಿ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ದಾರಿ ಮೈಸೂರಿನಲ್ಲಿ ಇಲ್ಲ. ಹತ್ತುವಾಗ ಬ್ಯಾಟರಿ ಖಾಲಿಯಾಗುತ್ತದೆ, ಇಳಿಯುವಾಗ ತುಂಬುತ್ತದೆ. ಎರಡೂ ಹೊತ್ತಲ್ಲಿ ಮೂರು ಅಂಕಿ ಬರೆಯಿರಿ.

ಒಂದು, ಬ್ಲಾಕ್‌ಗಳ (ದೊಡ್ಡ ಬ್ಯಾಟರಿಯೊಳಗಿನ ಭಾಗಗಳು) ವೋಲ್ಟೇಜ್. ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ 14 ಬ್ಲಾಕ್, ಹಳೆ ಕ್ಯಾಮ್ರಿ ಹೈಬ್ರಿಡ್‌ನಲ್ಲಿ 17. ಎಲ್ಲಾ ಬ್ಲಾಕ್ ಒಟ್ಟಿಗೆ ಏರಬೇಕು, ಒಟ್ಟಿಗೆ ಇಳಿಯಬೇಕು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಗರಿಷ್ಠ ಮತ್ತು ಕನಿಷ್ಠ ಬ್ಲಾಕ್ ನಡುವೆ 0.3 ವೋಲ್ಟ್ ಒಳಗಿದ್ದರೆ ನೆಮ್ಮದಿ. ಅರ್ಧ ವೋಲ್ಟ್ ದಾಟಿದರೆ ತಿಂಗಳಿಗೊಮ್ಮೆ ನೋಡುತ್ತಿರಿ. ಒಂದು ವೋಲ್ಟ್ ಹತ್ತಿರ ಬಂದು, ಪ್ರತಿ ಸಲವೂ ಅದೇ ಬ್ಲಾಕ್ ಬಿದ್ದರೆ ಆ ಬ್ಲಾಕ್ ಸೋತಿದೆ. ಈ ಲೆಕ್ಕ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಗೆ. ಹೈರೈಡರ್, ಗ್ರ್ಯಾಂಡ್ ವಿಟಾರಾದಲ್ಲಿರುವುದು ಲಿಥಿಯಂ ಬ್ಯಾಟರಿ, ಅಲ್ಲಿ ಸೆಲ್ ಸೆಲ್ ನಡುವಿನ ಅಂತರ ಇನ್ನೂ ಸಣ್ಣದಿರಬೇಕು.

ಎರಡು, ಬಿಸಿ. 45 ಡಿಗ್ರಿ ದಾಟಿದರೆ ಹಂತ 2ಕ್ಕೆ ವಾಪಸ್ ಹೋಗಿ. ಸೆನ್ಸರ್‌ಗಳ ನಡುವೆ ಹತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೂ ಗಾಳಿ ಸರಿಯಾಗಿ ಹರಿಯುತ್ತಿಲ್ಲ ಅಂತಲೇ ಅರ್ಥ.

ಮೂರು, ಚಾರ್ಜ್ ಪ್ರಮಾಣ. ಈ ಗಾಡಿಗಳು ಬ್ಯಾಟರಿಯನ್ನು ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಖಾಲಿ ಮಾಡುವುದೂ ಇಲ್ಲ. ಸುಮಾರು 40ರಿಂದ 80 ಶೇಕಡಾ ಒಳಗೆ ಆಡಿಸುತ್ತವೆ. ಸಿಗ್ನಲ್‌ನಲ್ಲಿ ನಿಂತ ಒಂದೆರಡು ನಿಮಿಷಕ್ಕೇ ಮೀಟರ್ ಧಡಕ್ ಅಂತ ಬಿದ್ದು, ಮತ್ತೆ ಅಷ್ಟೇ ಬೇಗ ತುಂಬಿಬಿಟ್ಟರೆ ಬ್ಯಾಟರಿಯ ಹೊಟ್ಟೆ ಚಿಕ್ಕದಾಗಿದೆ.

ಮೈಲೇಜ್ ಬಿದ್ದಿದೆ ಅಂದ ಮಾತ್ರಕ್ಕೆ ಬ್ಯಾಟರಿಯನ್ನು ದೂರಬೇಡಿ. ಟೈರ್ ಗಾಳಿ, ಕಚ್ಚಿಕೊಂಡ ಬ್ರೇಕ್, ಈಗ ಬರುವ ಎಥನಾಲ್ ಬೆರೆಸಿದ ಇ20 ಪೆಟ್ರೋಲ್, ಎಲ್ಲವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಎಕ್ಸ್‌ಪ್ರೆಸ್‌ವೇನಲ್ಲಿ ನೂರರ ಆಸುಪಾಸಿನಲ್ಲೇ ಓಡಿಸಿದರೆ ಎಂಜಿನ್ ಹೆಚ್ಚಿನ ಹೊತ್ತು ಓಡುತ್ತಲೇ ಇರುತ್ತದೆ. ಆಗ ಊರೊಳಗಿನದಕ್ಕಿಂತ ಹೈವೇಯಲ್ಲಿ ಮೈಲೇಜ್ ಕಮ್ಮಿ ಬಂದರೆ ಅದು ರೋಗವಲ್ಲ.

ಕೆಲಸ ಮುಗಿದ ಮೇಲೆ ಸ್ಕ್ಯಾನರ್ ಕಿತ್ತಿಡಿ. ಅಲ್ಲೇ ಬಿಟ್ಟರೆ ಅದು ರಾತ್ರಿಯಿಡೀ ಚಿಕ್ಕ ಬ್ಯಾಟರಿಯನ್ನು ಹೀರುತ್ತದೆ. ಮತ್ತೆ ಹಂತ 1!

ಹಂತ 4: ಕೂಲೆಂಟ್ ಎರಡಿವೆ

ಎಂಜಿನ್‌ಗೆ ಒಂದು, ಇನ್ವರ್ಟರ್‌ಗೆ ಇನ್ನೊಂದು. ಬಾನೆಟ್ ಒಳಗೆ ಎರಡು ಡಬ್ಬಿ ಇರುತ್ತವೆ. ಹೈಬ್ರಿಡ್ ಪಳಗದ ಗ್ಯಾರೇಜಿನವರು ಒಂದನ್ನೇ ನೋಡಿ ಬಿಡುತ್ತಾರೆ. ಗಾಡಿ ತಣ್ಣಗಿರುವಾಗ ತಿಂಗಳಿಗೊಮ್ಮೆ ಎರಡರ ಮಟ್ಟವನ್ನೂ ನೋಡಿ.

ಟೊಯೋಟಾಗಳಲ್ಲಿ ಗುಲಾಬಿ ಬಣ್ಣದ, ಮೊದಲೇ ಬೆರೆಸಿದ ಕೂಲೆಂಟ್ ಬರುತ್ತದೆ. ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ ಎಂಜಿನ್ ಕೂಲೆಂಟ್ ಮೊದಲ ಬದಲಾವಣೆ ಸುಮಾರು 1,60,000 ಕಿ.ಮೀ.ಗೆ, ಇನ್ವರ್ಟರ್‌ನದು ಸುಮಾರು 2,40,000ಕ್ಕೆ. ಆಮೇಲೆ ಎರಡೂ ಸುಮಾರು 80,000ಕ್ಕೊಮ್ಮೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಸೆಕೆಂಡ್ ಹ್ಯಾಂಡ್ ಗಾಡಿ, ಹಳೆ ದಾಖಲೆ ಇಲ್ಲ ಅಂದರೆ ಎರಡನ್ನೂ ಈಗಲೇ ಬದಲಾಯಿಸಿ.

ಮಟ್ಟ ಇಳಿದಿದೆ ಅಂತ ಬೋರ್‌ವೆಲ್ ನೀರು ಸುರಿಯುವುದು ನಮ್ಮ ಕಡೆಯ ದೊಡ್ಡ ತಪ್ಪು. ಆ ಗಡಸು ನೀರು ಒಳಗೆ ಬಿಳಿ ಪದರ ಕಟ್ಟಿಸುತ್ತದೆ. ಹಸಿರು ಕೂಲೆಂಟ್ ಬೆರೆಸುವುದೂ ಬೇಡ. ಬದಲಾಯಿಸಿದ ಮೇಲೆ ಗಾಳಿ ಗುಳ್ಳೆ ಪೂರ್ತಿ ಹೊರಹೋಗಬೇಕು. ಇಲ್ಲದಿದ್ದರೆ ಊರೊಳಗೆ ಚೆನ್ನಾಗಿದ್ದ ಗಾಡಿ ಏರು ಹತ್ತುವಾಗ ಇನ್ವರ್ಟರ್ ಬಿಸಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಇನ್ವರ್ಟರ್ ಕೂಲೆಂಟ್ ತಳ್ಳುವುದು ಒಂದು ಪುಟ್ಟ ಕರೆಂಟ್ ಪಂಪ್. ಹಳೆ ಗಾಡಿಗಳಲ್ಲಿ ಅದು ಕೈಕೊಡುವುದುಂಟು. ಪಿ0ಎ93 ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಆ ಪಂಪನ್ನು.

ಹಂತ 5: ಎಂಜಿನ್

ಆಯಿಲ್ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಒಂದೂವರೆ ಲಕ್ಷ ದಾಟಿದ ಗಾಡಿಗೆ ನಾನು 7,500ಕ್ಕೇ ಬದಲಾಯಿಸಿ ಅನ್ನುತ್ತೇನೆ. ಪುಸ್ತಕದಲ್ಲಿ ಹೇಳಿದ ತೆಳು ಆಯಿಲ್ಲೇ ಹಾಕಿಸಿ. "ಹಳೆ ಗಾಡಿ ಸಾರ್, ದಪ್ಪ ಆಯಿಲ್ ಹಾಕೋಣ" ಅಂದರೆ ಒಪ್ಪಬೇಡಿ. ಹೈಬ್ರಿಡ್ ಎಂಜಿನ್ ದಿನಕ್ಕೆ ನೂರಾರು ಸಲ ನಿಂತು ಹೊರಡುತ್ತದೆ, ಆಯಿಲ್ ತಕ್ಷಣ ಎಲ್ಲ ಕಡೆ ಹರಿಯಬೇಕು. ಸಾವಿರ ಕಿ.ಮೀ.ಗೊಮ್ಮೆ ಡಿಪ್‌ಸ್ಟಿಕ್ ನೋಡಿ.

ಕುವೆಂಪುನಗರದಿಂದ ಸರಸ್ವತಿಪುರಂಗೆ, ಅಲ್ಲಿಂದ ಮನೆಗೆ, ಇಷ್ಟೇ ಓಡುವ ಗಾಡಿಗಳಲ್ಲಿ ಎಂಜಿನ್ ಬಿಸಿಯೇ ಆಗುವುದಿಲ್ಲ. ಆಯಿಲ್‌ನಲ್ಲಿ ನೀರಿನ ಪಸೆ, ಪೆಟ್ರೋಲ್ ಸೇರುತ್ತದೆ. ವಾರಕ್ಕೊಮ್ಮೆ ನಂಜನಗೂಡಿಗೋ ಶ್ರೀರಂಗಪಟ್ಟಣಕ್ಕೋ ಹೋಗಿ ಬನ್ನಿ.

ಮೂರನೇ ತಲೆಮಾರಿನ ಪ್ರಿಯಸ್ ಇರುವವರು ಇದನ್ನು ಗಮನವಿಟ್ಟು ಓದಿ. ಅದರ 1.8 ಲೀಟರ್ ಎಂಜಿನ್‌ನಲ್ಲಿ ಇಜಿಆರ್ ಕೂಲರ್ (ಎಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ತಣ್ಣಗೆ ಮಾಡುವ ಭಾಗ) ಮಸಿಯಿಂದ ಕಟ್ಟಿಕೊಳ್ಳುತ್ತದೆ. ಮುಂದಕ್ಕೆ ಎಂಜಿನ್‌ನ ಮೇಲ್ಭಾಗ ಸೋರದಂತೆ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗುವ ತನಕ ಬರುತ್ತದೆ. ಲಕ್ಷಣ ಸ್ಪಷ್ಟ: ಬೆಳಿಗ್ಗೆ ಮೊದಲ ಸಲ ಎಂಜಿನ್ ಹೊರಟಾಗ ಕೆಲವು ಸೆಕೆಂಡ್ ಗಾಡಿ ಗಡಗಡ ನಡುಗುತ್ತದೆ, ಆಮೇಲೆ ಸರಿಹೋಗುತ್ತದೆ. ನೆಲದ ಮೇಲೆ ಒಂದು ಹನಿ ಇಲ್ಲದಿದ್ದರೂ ಕೂಲೆಂಟ್ ಕಡಿಮೆಯಾಗುತ್ತಾ ಹೋಗುತ್ತದೆ. ಇವೆರಡೂ ಒಟ್ಟಿಗೆ ಕಂಡರೆ ಕೂಲಿಂಗ್ ಪ್ರೆಷರ್ ಟೆಸ್ಟ್ ಮಾಡಿಸಿ, ಪ್ಲಗ್ ತೆಗೆಸಿ ಸಿಲಿಂಡರ್ ಒಳಗೆ ಕ್ಯಾಮೆರಾ ಬಿಟ್ಟು ನೋಡಿಸಿ. ಲಕ್ಷಣ ಬರುವ ಮೊದಲೇ, ಒಂದರಿಂದ ಒಂದೂವರೆ ಲಕ್ಷದೊಳಗೆ ಇಜಿಆರ್ ಕೂಲರ್ ಬಿಚ್ಚಿ ತೊಳೆಸುವುದು ಬಹಳ ಅಗ್ಗದ ದಾರಿ.

ಹಂತ 6: ಗೇರ್‌ಬಾಕ್ಸ್ ಆಯಿಲ್

ಬದಲಾಯಿಸುವ ಅಗತ್ಯವೇ ಇಲ್ಲ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 80,000ದಿಂದ ಲಕ್ಷದೊಳಗೆ ಒಮ್ಮೆ ಬದಲಾಯಿಸಿ. ಮೋಟಾರ್‌ಗಳ ತಾಮ್ರದ ಸುರುಳಿಗಳನ್ನು ತಣ್ಣಗಿಡುವುದು ಇದೇ ಆಯಿಲ್, ಹಾಗಾಗಿ ಪುಸ್ತಕದಲ್ಲಿ ಹೇಳಿದ್ದೇ ಆಗಬೇಕು. ಟೊಯೋಟಾಗಳಲ್ಲಿ ಅದು ಎಟಿಎಫ್ ಡಬ್ಲ್ಯುಎಸ್. ತುಂಬುವ ನಟ್ ಮೊದಲು ಬಿಚ್ಚಿಸಿ, ನಂತರ ಇಳಿಸುವ ನಟ್. ತುಂಬುವುದು ಜಾಮ್ ಆಗಿದೆ ಅಂತ ಆಯಿಲ್ ಇಳಿಸಿದ ಮೇಲೆ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಹಂತ 7: ಬ್ರೇಕ್

ಹೈಬ್ರಿಡ್‌ನಲ್ಲಿ ಹೆಚ್ಚಿನ ಬ್ರೇಕ್ ಕೆಲಸ ಮೋಟಾರ್ ಮಾಡುತ್ತದೆ. ಪ್ಯಾಡ್ ಸವೆಯುವುದೇ ಇಲ್ಲ ಅನ್ನುವಷ್ಟು ನಿಧಾನ. ತೊಂದರೆ ಇರುವುದೂ ಅಲ್ಲೇ. ಬಳಸದ ಕ್ಯಾಲಿಪರ್ (ಪ್ಯಾಡನ್ನು ಒತ್ತುವ ಭಾಗ) ಪಿನ್‌ಗಳು ಮಳೆಗಾಲದಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ ನಾಲ್ಕೂ ಚಕ್ರ ಬಿಚ್ಚಿಸಿ ಪಿನ್‌ಗಳಿಗೆ ಗ್ರೀಸ್ ಹಾಕಿಸಿ. "ಪ್ಯಾಡ್ ದಪ್ಪ ಇದೆ" ಅಂತ ಹೊರಗಿನಿಂದ ನೋಡಿ ಕಳಿಸಿದರೆ ಕೆಲಸ ಆಗಿಲ್ಲ. ದೂರ ಓಡಿಸಿ ಬಂದ ಮೇಲೆ ಒಂದು ಚಕ್ರದ ರಿಮ್ ಮಾತ್ರ ಉಳಿದವುಗಳಿಗಿಂತ ಬಿಸಿಯಿದ್ದರೆ ಅಲ್ಲಿ ಕಚ್ಚಿದೆ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಇದರ ಗಾಳಿ ತೆಗೆಯಲು ಹಲವು ಮಾಡೆಲ್‌ಗಳಲ್ಲಿ ಸ್ಕ್ಯಾನ್ ಟೂಲ್ ಬೇಕೇಬೇಕು. ಹಳೇ ರೀತಿ ಪೆಡಲ್ ಒತ್ತಿ ಒತ್ತಿ ಮಾಡುವ ಗ್ಯಾರೇಜಿಗೆ ಕೊಡಬೇಡಿ.

ಬಾಗಿಲು ತೆಗೆದಾಗ ಬಾನೆಟ್ ಕಡೆಯಿಂದ ಝುಂ ಅಂತ ಒಂದು ಸಲ ಸದ್ದು ಬಂದರೆ ಹೆದರಬೇಡಿ, ಬ್ರೇಕ್ ಪಂಪ್ ಒತ್ತಡ ತುಂಬಿಸಿಕೊಳ್ಳುತ್ತಿದೆ. ಪೆಡಲ್ ಮುಟ್ಟದಿದ್ದರೂ ಆ ಸದ್ದು ಕೆಲವೇ ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಒಳಗೆ ಒತ್ತಡ ಸೋರುತ್ತಿದೆ. ಇದನ್ನು ಮುಂದಿನ ತಿಂಗಳಿಗೆ ಹಾಕುವ ಹಾಗಿಲ್ಲ.

ಹಂತ 8: ಇಲಿ

ಗದ್ದೆ ಪಕ್ಕ ಮನೆ ಇರುವವರಿಗೆ ಬೇರೆ ಹೇಳಬೇಕಿಲ್ಲ. ಕಬ್ಬು ಕಡಿದ ಮೇಲೆ ಇಲಿಗಳಿಗೆ ಬೇರೆ ಮನೆ ಬೇಕು, ನಿಮ್ಮ ಬಾನೆಟ್ ಬೆಚ್ಚಗಿರುತ್ತದೆ. ಹೊಗೆಸೊಪ್ಪು ಕಟ್ಟುವುದನ್ನು ಬಹಳ ಜನ ನಂಬುತ್ತಾರೆ. ವಾಸನೆ ಇರುವ ತನಕ ಸ್ವಲ್ಪ ಕೆಲಸ ಮಾಡುತ್ತದೆ, ಅಷ್ಟೇ. ಗಾಡಿಯನ್ನು ದಿನಾ ಕದಲಿಸುವುದು, ರಾತ್ರಿ ಬಾನೆಟ್ ತೆರೆದಿಡುವುದು ಮೇಲು. ಹಿಕ್ಕೆ, ಹುಲ್ಲು, ಕಚ್ಚಿದ ಸ್ಪಂಜು ಕಂಡರೆ ಟಾರ್ಚ್ ಹಿಡಿದು ಕಿತ್ತಳೆ ವೈರುಗಳ ಮೇಲೆ ಹಲ್ಲಿನ ಗುರುತು ಇದೆಯಾ ನೋಡಿ. ಕಣ್ಣಲ್ಲಿ ಮಾತ್ರ. ಗುರುತಿದ್ದರೆ ಗಾಡಿ ರೆಡಿ ಮಾಡಬೇಡಿ, ಟೇಪ್ ಸುತ್ತಲೂ ಹೋಗಬೇಡಿ.

ಹಂತ 9: ದೊಡ್ಡ ಬ್ಯಾಟರಿ ನಿಜವಾಗಿಯೂ ಹೋಗಿದ್ದರೆ

ಮೊದಲು ವಾರಂಟಿ ನೋಡಿ. ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೈಕ್ರಾಸ್‌ಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ದಿನಾ ಬೆಂಗಳೂರಿಗೆ ಹೋಗಿ ಬರುವವರಿಗೆ ವರ್ಷಕ್ಕಿಂತ ಮೊದಲು ಕಿಲೋಮೀಟರ್ ಮುಗಿಯುತ್ತದೆ. ಒಂದೂವರೆ ಲಕ್ಷ ತಲುಪಿದಾಗ ಹಂತ 3ರ ಅಂಕಿಗಳಲ್ಲಿ ಅನುಮಾನ ಇದ್ದರೆ ಸರ್ವಿಸ್ ಸೆಂಟರಿನಲ್ಲಿ ಬರವಣಿಗೆಯಲ್ಲೇ ದೂರು ದಾಖಲಿಸಿ.

ವಾರಂಟಿ ಮುಗಿದಿದ್ದರೆ ಮೂರು ದಾರಿ. ಕಂಪನಿಯ ಹೊಸ ಪ್ಯಾಕ್, ರಿಪೇರಿ ಮಾಡಿದ ಪ್ಯಾಕ್, ಪ್ಯಾಕಿನೊಳಗೆ ಸೋತ ಮಾಡ್ಯೂಲ್ (ಬಿಡಿ ಭಾಗ) ಒಂದನ್ನೇ ಬದಲಾಯಿಸುವುದು. ಗಾಡಿಯನ್ನು ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವ ಆಸೆ ಇದ್ದರೆ ಹೊಸದೇ ಹಾಕಿಸಿ. ಮೂರನೇ ದಾರಿ ಅಗ್ಗ ಅನ್ನಿಸುತ್ತದೆ, ಅಲ್ವಾ? ಆದರೆ ಎಲ್ಲಾ ಮಾಡ್ಯೂಲ್‌ಗಳ ವಯಸ್ಸೂ ಒಂದೇ. ಇವತ್ತು ಒಂದು ಹೋದರೆ ಸ್ವಲ್ಪ ದಿನಕ್ಕೆ ಪಕ್ಕದ್ದು ಹೋಗುತ್ತದೆ, ಪ್ರತಿ ಸಲ ಬಿಚ್ಚುವ ಕೂಲಿ ಬೇರೆ. ಗಾಡಿ ಮಾರುವವರು ಈ ದಾರಿ ಹಿಡಿಯುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದಕ್ಕೇ ಬೆಟ್ಟ ಹತ್ತಿಸಿ ನೋಡಬೇಕು.

ರಿಪೇರಿ ಪ್ಯಾಕ್ ತೆಗೆದುಕೊಳ್ಳುವುದಾದರೆ ಹೀಗೆ ಕೇಳಿ. ಪ್ರತಿ ಮಾಡ್ಯೂಲ್‌ನ ಕೆಪಾಸಿಟಿ ಅಳೆದ ಪಟ್ಟಿ ಕೊಡುತ್ತೀರಾ? ಮಾಡ್ಯೂಲ್ ಜೋಡಿಸುವ ತಾಮ್ರದ ಪಟ್ಟಿಗಳನ್ನು ಸ್ವಚ್ಛ ಮಾಡಿದ್ದೀರಾ, ಬದಲಾಯಿಸಿದ್ದೀರಾ? ಫ್ಯಾನ್ ತೊಳೆದಿದ್ದೀರಾ? ಬಿಲ್ಲಿನಲ್ಲಿ ವಾರಂಟಿ ಬರೆದುಕೊಡುತ್ತೀರಾ? ಒಂದಕ್ಕೆ ನುಣುಚಿಕೊಂಡರೂ ಎದ್ದು ಬನ್ನಿ. ಕೆಲವೊಮ್ಮೆ ಆ ತಾಮ್ರದ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿದದ್ದೇ ರೋಗ, ಸ್ವಚ್ಛ ಮಾಡಿದರೆ ಪ್ಯಾಕ್ ಮತ್ತೆ ಓಡುತ್ತದೆ.

ಹಳೆ ಪ್ಯಾಕನ್ನು ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಸರ್ವಿಸ್ ಸೆಂಟರಿಗೇ ಒಪ್ಪಿಸಿ.

ನಿತ್ಯ ಓಡಿಸುವಾಗ, ನಿಲ್ಲಿಸುವಾಗ

ಸಿಗ್ನಲ್‌ನಲ್ಲಿ, ಟೋಲ್ ಸಾಲಿನಲ್ಲಿ ನ್ಯೂಟ್ರಲ್ ಹಾಕಿ ನಿಲ್ಲಬೇಡಿ. ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ಖಾಲಿ ಮಾಡುತ್ತಿರುತ್ತದೆ. ಡಿ ಅಲ್ಲೇ ಇಟ್ಟು ಬ್ರೇಕ್ ಒತ್ತಿ. ಬೆಟ್ಟ ಇಳಿಯುವಾಗ ಬ್ಯಾಟರಿ ಅರ್ಧ ದಾರಿಯಲ್ಲೇ ತುಂಬಬಹುದು. ಆಗ ಗೇರಿನಲ್ಲಿ ಬಿ ಮೋಡ್ ಹಾಕಿದರೆ ಎಂಜಿನ್ ತಡೆ ಸಿಗುತ್ತದೆ, ಬ್ರೇಕ್ ಬಿಸಿಯೇರುವುದಿಲ್ಲ. ಪೆಟ್ರೋಲ್ ಪೂರ್ತಿ ಮುಗಿಯಲು ಬಿಡಬೇಡಿ. ಖಾಲಿ ಟ್ಯಾಂಕಿನಲ್ಲಿ ಕರೆಂಟಿನ ಮೇಲೆ ಬಂಕ್ ತನಕ ಎಳೆಯಲು ಹೋಗಿ ದೊಡ್ಡ ಬ್ಯಾಟರಿ ಖಾಲಿಯಾದರೆ, ಎಂಜಿನ್ ತಿರುಗಿಸಲೂ ಶಕ್ತಿ ಉಳಿಯುವುದಿಲ್ಲ.

ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೋಗಿ ಆರು ತಿಂಗಳು ಗಾಡಿ ನಿಲ್ಲಿಸುವವರು ಮೈಸೂರಿನಲ್ಲಿ ಬಹಳ. ಎರಡು ತಿಂಗಳಿಗೊಮ್ಮೆಯಾದರೂ ಯಾರಾದರೂ ಅರ್ಧ ಗಂಟೆ ಓಡಿಸಲಿ. ವಾರಕ್ಕೊಮ್ಮೆ ಆದರೆ ಚಿಕ್ಕ ಬ್ಯಾಟರಿಯೂ ಉಳಿಯುತ್ತದೆ.

ಎಮಿಷನ್ ಟೆಸ್ಟ್ ಮತ್ತು ಆರ್‌ಸಿ

ಹೊಗೆ ಪರೀಕ್ಷೆಗೆ ನಿಲ್ಲಿಸಿದಾಗ ಎಂಜಿನ್ ತಾನಾಗಿಯೇ ಆಫ್ ಆಗುತ್ತದೆ, ಟೆಸ್ಟ್ ಮಾಡುವ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ ಇದಕ್ಕೆ ದಾರಿ ಇದೆ. ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ ಒತ್ತಿ ಆನ್ ಮಾಡಿ. ಪಿ ಅಲ್ಲಿ ಆಕ್ಸಿಲರೇಟರ್ ಪೂರ್ತಿ ಎರಡು ಸಲ, ಬ್ರೇಕ್ ಹಿಡಿದು ಎನ್ ಹಾಕಿ ಎರಡು ಸಲ, ಮತ್ತೆ ಪಿ ಅಲ್ಲಿ ಎರಡು ಸಲ ಒತ್ತಿ. ಆಮೇಲೆ ಬ್ರೇಕ್ ಹಿಡಿದು ರೆಡಿ ಮಾಡಿ. ಇಷ್ಟೂ ಒಂದು ನಿಮಿಷದೊಳಗೆ ಆಗಬೇಕು. ಎಂಜಿನ್ ಬಿಡದೆ ಓಡುತ್ತದೆ. ಟೆಸ್ಟ್ ಮುಗಿದ ಕೂಡಲೇ ಆಫ್ ಮಾಡಿ, ಆ ಸ್ಥಿತಿಯಲ್ಲಿ ಗಾಡಿ ಓಡಿಸಬಾರದು.

ಖಾಸಗಿ ಕಾರಿನ ಆರ್‌ಸಿ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 2013ರ ಕ್ಯಾಮ್ರಿಗೆ ಅದು 2028ರಲ್ಲಿ ಬರುತ್ತದೆ. ಹೊಸ ಬ್ಯಾಟರಿಗೆ ಲಕ್ಷಗಟ್ಟಲೆ ಹಾಕುವ ಮೊದಲು ಆ ತಾರೀಕನ್ನೂ ಲೆಕ್ಕಕ್ಕೆ ಹಿಡಿಯಿರಿ.

ದಾರಿಯಲ್ಲಿ ನಿಂತರೆ

ಕೆಂಪು ಹೈಬ್ರಿಡ್ ದೀಪ, ಸುಟ್ಟ ವಾಸನೆ, ಬ್ರೇಕ್ ಪೆಡಲ್ ಗಟ್ಟಿಯಾಗುವುದು, ಎಂಜಿನ್ ಬಿಸಿಯ ದೀಪ, ಇವುಗಳಲ್ಲಿ ಯಾವುದು ಬಂದರೂ ಪಕ್ಕಕ್ಕೆ ತೆಗೆದು ಆಫ್ ಮಾಡಿ. ನೀರು ನುಗ್ಗಿದ ಗಾಡಿಯಾದರೆ ರೆಡಿ ಮಾಡಿ ನೋಡುವ ಸಾಹಸವೂ ಬೇಡ. ಟೋಯಿಂಗ್‌ನವರಿಗೆ ಫೋನ್ ಮಾಡುವಾಗಲೇ "ಹೈಬ್ರಿಡ್ ಗಾಡಿ, ಫ್ಲಾಟ್‌ಬೆಡ್ ಲಾರಿಯೇ ಬೇಕು" ಅಂತ ಹೇಳಿ, ಅಂದರೆ ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಲಾರಿ. ಮುಂದಿನ ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರ್ ತಿರುಗಿ ಕರೆಂಟ್ ಹುಟ್ಟಿಸುತ್ತದೆ, ಕೆಡದ ಭಾಗಗಳೂ ಕೆಡುತ್ತವೆ. ಹಗ್ಗ ಕಟ್ಟಿ ಎಳೆಯೋಣ ಅಂತ ಟ್ರ್ಯಾಕ್ಟರ್‌ನವರು ಎಷ್ಟು ಪ್ರೀತಿಯಿಂದ ಬಂದರೂ ಬೇಡ ಅನ್ನಿ.